ಕೆಮಿಸ್ಟ್ರಿಯಲ್ಲಿ ಮಾರ್ಕ್ಸ್ ಇದೆ, ವೈಜ್ಞಾನಿಕ ಸಾಕ್ಷರತೆ ಇದೆಯಾ?

ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ರಸಾಯನಶಾಸ್ತ್ರದ ಮೇಷ್ಟ್ರಾಗಲು ತರಬೇತಿ ಪಡೆಯುತ್ತಿರುವವರದು. ಒಂದೆರಡು ಪತ್ರ ಅವರಿಗೆ ಕಲಿಸುವವರದು. ಹಾಗಾಗಿ ಇಡೀ ಅಂಕಣ ಈ ಒಂದೇ ವಿಷಯಕ್ಕೆ ಮೀಸಲು.

ಪ್ರಶ್ನೆ: ಸರ್, ನಾನು ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ ಮುಗಿಸಿ ಈಗ ಶಿಕ್ಷಕರ ತರಬೇತಿಯಲ್ಲಿದ್ದೇನೆ. ಡಿಗ್ರಿಯಲ್ಲಿ ಒಳ್ಳೆಯ ಅಂಕ ಬಂದಿತ್ತು. ಇತ್ತೀಚೆಗೆ ನಮಗೆಲ್ಲ ‘ವೈಜ್ಞಾನಿಕ ಸಾಕ್ಷರತೆ’ ಅಂತ ಒಂದು ಪರೀಕ್ಷೆ ಕೊಟ್ಟರು. ಅದರಲ್ಲಿ ಸಮೀಕರಣ ಸರಿದೂಗಿಸುವುದು, ಮೋಲ್ (ಅಣುಗಳನ್ನು ಎಣಿಸುವ ಅಳತೆ) ಲೆಕ್ಕ ಯಾವುದೂ ಇರಲಿಲ್ಲ. ಒಂದು ಸುದ್ದಿ ತುಣುಕು, ಒಂದು ಗ್ರಾಫ್, ಒಂದು ಜಾಹೀರಾತು ಕೊಟ್ಟು ಪ್ರಶ್ನೆ ಕೇಳಿದ್ದರು. ನನಗೆ ಅರ್ಧದಷ್ಟೂ ಬರಲಿಲ್ಲ. ವಿಷಯ ಗೊತ್ತಿದ್ದೂ ಹೀಗಾದರೆ ಆ ಪರೀಕ್ಷೆಯಲ್ಲೇ ಏನೋ ತಪ್ಪಿರಬೇಕಲ್ವಾ?
– ಶಿಕ್ಷಕಿ ತರಬೇತಿಯಲ್ಲಿರುವ ಓದುಗರು

ಉತ್ತರ: ಪರೀಕ್ಷೆಯಲ್ಲಿ ತಪ್ಪಿಲ್ಲ ಅಂತಲೇ ನನಗೆ ಅನಿಸುತ್ತದೆ. ಅದು ಅಳೆದದ್ದೇ ಬೇರೆ. ನಿಮ್ಮ ಡಿಗ್ರಿ ಪರೀಕ್ಷೆಗಳು ನಿಮಗೆ ಏನೇನು ಗೊತ್ತು ಅಂತ ಕೇಳಿದವು. ಈ ಪರೀಕ್ಷೆ ‘ಅದು ನಿಮಗೆ ಹೇಗೆ ಗೊತ್ತು, ಬೇರೆಯವರು ಹೇಳಿದ್ದನ್ನು ನಂಬಬೇಕೋ ಬೇಡವೋ ಅಂತ ಹೇಗೆ ತೀರ್ಮಾನಿಸುತ್ತೀರಿ’ ಅಂತ ಕೇಳಿತು.

ವೈಜ್ಞಾನಿಕ ಸಾಕ್ಷರತೆಯ ಮಾತು ಹೊಸದೇನಲ್ಲ. ಅಮೆರಿಕದ ಪಾಲ್ ಹರ್ಡ್ 1958ರಲ್ಲೇ ಶಾಲೆಗಳ ಗುರಿಯಾಗಿ ಇದರ ಬಗ್ಗೆ ಬರೆದಿದ್ದರು. ಈಗ ಹೆಚ್ಚಾಗಿ ಬಳಕೆಯಲ್ಲಿರುವುದು ಪೀಸಾ ಪರೀಕ್ಷೆಯ ಚೌಕಟ್ಟು. ಪೀಸಾ ಅಂದರೆ 15 ವರ್ಷದ ಮಕ್ಕಳಿಗೆ ಬೇರೆ ಬೇರೆ ದೇಶಗಳಲ್ಲಿ 2000ದಿಂದ ನಡೆಯುತ್ತಿರುವ ಪರೀಕ್ಷೆ. 2015ರಲ್ಲಿ ವಿಜ್ಞಾನಕ್ಕೆ ಒತ್ತು ಕೊಟ್ಟಾಗ ಅವರು ಮೂರು ಸಾಮರ್ಥ್ಯ ಹೇಳಿದರು. ಕಣ್ಣೆದುರು ನಡೆಯುವುದನ್ನು ವಿಜ್ಞಾನದ ನೆಲೆಯಲ್ಲಿ ವಿವರಿಸಬೇಕು. ಒಂದು ಪ್ರಯೋಗವನ್ನು ತಾನೇ ರೂಪಿಸಬೇಕು, ಬೇರೆಯವರ ಪ್ರಯೋಗದಲ್ಲಿ ಏನು ಸಾಲದು ಅಂತ ಗುರುತಿಸಬೇಕು. ಅಂಕಿಅಂಶ ಮತ್ತು ಪುರಾವೆ ನೋಡಿ ಅದರಿಂದ ಎಷ್ಟು ಹೇಳಬಹುದೋ ಅಷ್ಟನ್ನೇ ಹೇಳಬೇಕು. ಡಿಗ್ರಿ ನಿಮಗೆ ಮೊದಲನೆಯದರಲ್ಲಿ ಸ್ವಲ್ಪ ಕೊಟ್ಟಿರುತ್ತದೆ. ಉಳಿದ ಎರಡನ್ನು ಯಾರೂ ಕೂರಿಸಿಕೊಂಡು ಕಲಿಸಿರುವುದಿಲ್ಲ. ಅದು ನಿಮ್ಮ ತಪ್ಪಲ್ಲ, ಆದರೆ ತರಬೇತಿ ಮುಗಿಯುವುದರೊಳಗೆ ತುಂಬಿಕೊಳ್ಳಬೇಕಾದ ಖಾಲಿ ಜಾಗ ಅಂತೂ ಹೌದು.

ಇನ್ನೊಂದು ವಿಷಯ. ‘ನನಗೆ ವಿಷಯ ಗೊತ್ತಿದೆ’ ಅನ್ನುವುದನ್ನೂ ಒಮ್ಮೆ ಮುಟ್ಟಿ ನೋಡಿಕೊಳ್ಳಿ. 1987ರಲ್ಲಿ ಸೂಸನ್ ನರೆನ್‌ಬರ್ನ್ ಮತ್ತು ಮೈಲ್ಸ್ ಪಿಕರಿಂಗ್ ಕಾಲೇಜು ವಿದ್ಯಾರ್ಥಿಗಳಿಗೆ ಅನಿಲ ನಿಯಮಗಳ ಮೇಲೆ ಎರಡು ಬಗೆಯ ಪ್ರಶ್ನೆ ಕೊಟ್ಟರು. ಒಂದು ಬಗೆ ಸೂತ್ರಕ್ಕೆ ಅಂಕಿ ಹಾಕಿ ಬಿಡಿಸುವ ಲೆಕ್ಕ. ಇನ್ನೊಂದು ಬಗೆ ಚಿತ್ರದ್ದು: ಉಕ್ಕಿನ ಟ್ಯಾಂಕಿನಲ್ಲಿ ಹೈಡ್ರೋಜನ್ ಇದೆ, ಅದನ್ನು 20 ಡಿಗ್ರಿಯಿಂದ ಮೈನಸ್ 5 ಡಿಗ್ರಿಗೆ ತಣಿಸಿದರೆ ಅಣುಗಳು ಹೇಗೆ ಹರಡಿಕೊಂಡಿರುತ್ತವೆ? ಲೆಕ್ಕ ಸಲೀಸಾಗಿ ಬಿಡಿಸಿದವರಲ್ಲಿ ತುಂಬಾ ಜನ ಚಿತ್ರದ ಪ್ರಶ್ನೆಗಳಲ್ಲಿ ಎಡವಿದರು. ಹೈಡ್ರೋಜನ್ ಕುದಿಯುವುದು ಮೈನಸ್ 253 ಡಿಗ್ರಿಯ ಹತ್ತಿರ. ಮೈನಸ್ 5ರಲ್ಲಿ ಅದು ಇನ್ನೂ ಅನಿಲವೇ, ಅಣುಗಳು ಟ್ಯಾಂಕಿನ ತುಂಬಾ ಹರಡಿಕೊಂಡೇ ಇರುತ್ತವೆ. 1991ರಲ್ಲಿ ಜಾರ್ಜ್ ಬೋಡ್ನರ್ ಎಂ.ಎಸ್, ಪಿಎಚ್‌ಡಿ ಓದಲು ಬಂದ ರಸಾಯನಶಾಸ್ತ್ರದವರಿಗೇ ‘ಕುದಿಯುವ ನೀರಿನಲ್ಲಿ ಏಳುವ ಗುಳ್ಳೆಯೊಳಗೆ ಏನಿದೆ’ ಅಂತ ಕೇಳಿದರು. ಕೆಲವರು ಗಾಳಿ ಅಂದರು, ಕೆಲವರು ಹೈಡ್ರೋಜನ್ ಮತ್ತು ಆಕ್ಸಿಜನ್ ಅಂದರು. ಉತ್ತರ ನೀರಿನ ಆವಿ, ಅಷ್ಟೇ. ಅವರೆಲ್ಲ ಓದಿನಲ್ಲಿ ಹಿಂದುಳಿದವರಾಗಿರಲಿಲ್ಲ. ಪುಸ್ತಕದಲ್ಲಿ ಓದಿದ್ದನ್ನು ಒಲೆಯ ಮೇಲಿನ ಪಾತ್ರೆಗೆ ಕೂಡಿಸಿ ನೋಡುವ ಸಂದರ್ಭವೇ ಅವರಿಗೆ ಬಂದಿರಲಿಲ್ಲ.

ಆ ಪ್ರಶ್ನೆಪತ್ರಿಕೆ ಸಿಕ್ಕರೆ ವಾಪಸ್ ತೆಗೆದುಕೊಳ್ಳಿ. ನೀವು ತಪ್ಪಿದ ಪ್ರಶ್ನೆಗಳನ್ನು ಬಿಡಿಸಿ ನೋಡಿ. ‘ವಿಷಯ ಗೊತ್ತಿರಲಿಲ್ಲ’, ‘ಪುರಾವೆ ಓದಲು ಬರಲಿಲ್ಲ’ ಅಂತ ಎರಡು ಗುಂಪು ಮಾಡಿ. ಎರಡನೆಯ ಗುಂಪೇ ದೊಡ್ಡದಾಗುತ್ತದೆ ಅನ್ನುವುದು ನನ್ನ ಊಹೆ.

ಪ್ರಶ್ನೆ: ನನ್ನ ಸಹಪಾಠಿಯೊಬ್ಬರ ಅಭ್ಯಾಸ ಪಾಠ ನೋಡಲು ಕೂತಿದ್ದೆ. ತಟ್ಟೆಯಲ್ಲಿ ನೀರು, ನಡುವೆ ಉರಿಯುವ ಮೇಣದಬತ್ತಿ, ಮೇಲೆ ಗಾಜಿನ ಲೋಟ. ಬತ್ತಿ ಆರಿತು, ನೀರು ಲೋಟದೊಳಗೆ ಏರಿತು. ‘ಗಾಳಿಯಲ್ಲಿ ಐದನೇ ಒಂದು ಭಾಗ ಆಕ್ಸಿಜನ್ ಇದೆ, ಅದು ಖರ್ಚಾಯಿತು, ಆ ಜಾಗಕ್ಕೆ ನೀರು ಬಂತು’ ಅಂತ ಅವರು ಹೇಳಿದರು. ಒಬ್ಬ ಹುಡುಗ ಎದ್ದು ‘ಮೂರು ಮೇಣದಬತ್ತಿ ಇಟ್ಟರೆ ನೀರು ಜಾಸ್ತಿ ಏರುತ್ತಾ?’ ಅಂತ ಕೇಳಿದ. ‘ಇಲ್ಲ, ಆಕ್ಸಿಜನ್ ಅಷ್ಟೇ ಇರೋದಲ್ವಾ’ ಅಂತ ಉತ್ತರ ಬಂತು. ಮೇಲ್ವಿಚಾರಕರು ಪಾಠಕ್ಕೆ ಒಳ್ಳೆಯ ಅಂಕ ಕೊಟ್ಟರು. ನನಗೆ ಮಾತ್ರ ಆ ಹುಡುಗನ ಪ್ರಶ್ನೆ ತಲೆಯಲ್ಲೇ ಕೂತಿದೆ.
– ತರಬೇತಿಯ ಎರಡನೇ ವರ್ಷದ ವಿದ್ಯಾರ್ಥಿ

ಉತ್ತರ: ಆ ಹುಡುಗ ಕೇಳಿದ್ದು ಆ ದಿನದ ತರಗತಿಯ ಅತಿ ಒಳ್ಳೆಯ ಪ್ರಶ್ನೆ. ಉತ್ತರವನ್ನು ಬಾಯಲ್ಲಿ ಹೇಳುವ ಅಗತ್ಯವೇ ಇರಲಿಲ್ಲ. ಇನ್ನೆರಡು ಮೇಣದಬತ್ತಿ ಇಟ್ಟಿದ್ದರೆ ಸಾಕಿತ್ತು. ನೀರು ಜಾಸ್ತಿ ಏರುತ್ತದೆ. ಆಗ ‘ಆಕ್ಸಿಜನ್ ಖರ್ಚಾದ ಜಾಗಕ್ಕೆ ನೀರು ಬಂತು’ ಅನ್ನುವ ವಿವರಣೆ ಎಲ್ಲರ ಕಣ್ಣೆದುರೇ ಬಿದ್ದುಹೋಗುತ್ತಿತ್ತು.

ಈ ಪ್ರಯೋಗದ ತಪ್ಪು ವಿವರಣೆ ಬಹಳ ಕಾಲದಿಂದ ಪಾಠಗಳಲ್ಲಿ ಹರಿದಾಡುತ್ತಿದೆ, ಅದನ್ನು ತಿದ್ದುವ ಲೇಖನಗಳೂ ಅಷ್ಟೇ ಕಾಲದಿಂದ ಬರುತ್ತಿವೆ. ಆದರೂ ಅದು ಸಾಯುವುದಿಲ್ಲ. ಯಾಕೆಂದರೆ ನೀರು ಏರುವ ಎತ್ತರ ಕೆಲವೊಮ್ಮೆ ನಿಜವಾಗಿಯೂ ಐದನೇ ಒಂದು ಭಾಗದ ಆಸುಪಾಸು ಬಂದುಬಿಡುತ್ತದೆ. ಅಂಕಿ ಹೊಂದಿಕೊಂಡಿತು, ಇನ್ನೇನು ಬೇಕು ಅಂತ ಎಲ್ಲರೂ ಸುಮ್ಮನಾಗುತ್ತಾರೆ.

ಸ್ವಲ್ಪ ಲೆಕ್ಕ ಹಾಕೋಣ, ಇದು ನಿಮ್ಮದೇ ವಿಷಯ. ಮೇಣ ಅಂದರೆ ಉದ್ದ ಸರಪಳಿಯ ಹೈಡ್ರೋಕಾರ್ಬನ್. 25 ಕಾರ್ಬನ್ ಇರುವ ಒಂದು ಅಣು ಪೂರ್ತಿ ಉರಿಯಲು 38 ಆಕ್ಸಿಜನ್ ಅಣು ಬೇಕು. ಅದರಿಂದ 25 ಕಾರ್ಬನ್ ಡೈಆಕ್ಸೈಡ್ ಅಣು ಮತ್ತು 26 ನೀರಿನ ಅಣು ಬರುತ್ತವೆ. ನೀರಿನ ಆವಿ ತಣಿದು ದ್ರವವಾಗುತ್ತದೆ, ಅದನ್ನು ಬಿಡಿ. ಆದರೆ ಕಾರ್ಬನ್ ಡೈಆಕ್ಸೈಡ್ ಅನಿಲವಾಗಿ ಅಲ್ಲೇ ಉಳಿಯುತ್ತದೆ, ಅಷ್ಟು ಸ್ವಲ್ಪ ಹೊತ್ತಿನಲ್ಲಿ ನೀರಿನಲ್ಲಿ ಹೆಚ್ಚೇನೂ ಕರಗುವುದಿಲ್ಲ. ಅಂದರೆ ಖರ್ಚಾದ ಆಕ್ಸಿಜನ್ನಿನ ಸುಮಾರು ಮೂರನೇ ಎರಡು ಭಾಗದಷ್ಟು ಅನಿಲ ವಾಪಸ್ ಬಂದಿದೆ. ಇನ್ನೂ ಮುಖ್ಯವಾದದ್ದು, ಬತ್ತಿ ಆಕ್ಸಿಜನ್ ಪೂರ್ತಿ ಮುಗಿಯುವವರೆಗೆ ಉರಿಯುವುದಿಲ್ಲ. ಶೇಕಡ 21 ಇದ್ದದ್ದು ಸುಮಾರು 16ಕ್ಕೆ ಇಳಿದಾಗಲೇ ಆರಿಬಿಡುತ್ತದೆ. ಹಾಗಾದರೆ ಉರಿಯುವುದರಿಂದ ಕಡಿಮೆಯಾಗುವ ಅನಿಲ ಒಟ್ಟು ಗಾತ್ರದ ಶೇಕಡ 2ಕ್ಕೂ ಕಡಿಮೆ. ನೀರು ಅಷ್ಟು ಮೇಲೆ ಏರಲು ಅದು ಎಲ್ಲಿಗೂ ಸಾಲದು.

ಮತ್ತೆ ನೀರು ಯಾಕೆ ಏರಿತು? ಬಿಸಿಯಿಂದ. ಲೋಟ ಕವುಚುವಾಗ ಜ್ವಾಲೆಯ ಸುತ್ತ ಕಾದು ಹಿಗ್ಗಿದ ಗಾಳಿಯೇ ಒಳಗೆ ಸಿಕ್ಕಿಕೊಳ್ಳುತ್ತದೆ. ಕವುಚಿದ ಮೇಲೂ ಹಿಗ್ಗಿ ಲೋಟದ ಅಂಚಿನಿಂದ ಗುಳ್ಳೆಗಳಾಗಿ ಹೊರಗೆ ಹೋಗಬಹುದು. ಬತ್ತಿ ಆರಿದ ಮೇಲೆ ಉಳಿದ ಗಾಳಿ ತಣಿದು ಕುಗ್ಗುತ್ತದೆ, ಹೊರಗಿನ ಒತ್ತಡ ನೀರನ್ನು ಒಳಗೆ ತಳ್ಳುತ್ತದೆ. 77 ಡಿಗ್ರಿಗೆ ಕಾದ ಗಾಳಿ 27 ಡಿಗ್ರಿಗೆ ಇಳಿದರೆ, ಅಂದರೆ 350 ಕೆಲ್ವಿನ್‌ನಿಂದ 300ಕ್ಕೆ ಬಂದರೆ, ಅದರ ಗಾತ್ರ ಏಳನೇ ಒಂದು ಭಾಗ ಕಡಿಮೆಯಾಗುತ್ತದೆ. ಚಾರ್ಲ್ಸ್ ನಿಯಮ, ಅಷ್ಟೇ. ಮೂರು ಬತ್ತಿ ಇಟ್ಟರೆ ಗಾಳಿ ಇನ್ನೂ ಜಾಸ್ತಿ ಕಾಯುತ್ತದೆ, ಹಾಗಾಗಿ ನೀರು ಇನ್ನೂ ಮೇಲೆ ಹೋಗುತ್ತದೆ. ಇನ್ನೊಂದು ಗುರುತು ಎಲ್ಲರಿಗೂ ಕಾಣುವಂಥದ್ದು. ನೀರು ಹೆಚ್ಚಾಗಿ ಏರುವುದು ಬತ್ತಿ ಉರಿಯುತ್ತಿರುವಾಗ ಅಲ್ಲ, ಆರಿದ ಮೇಲೆ. ಆಕ್ಸಿಜನ್ ಖರ್ಚಾಗುವುದೇ ಕಾರಣವಾಗಿದ್ದರೆ ಉರಿಯುವಾಗಲೇ ನಿಧಾನವಾಗಿ ಏರುತ್ತಾ ಬರಬೇಕಿತ್ತು ಅಲ್ವಾ?

ಆ ಸಹಪಾಠಿಯನ್ನು ದೂರಬೇಡಿ. ಅವರಿಗೆ ಕಲಿಸಿದವರಿಗೂ ಹೀಗೇ ಹೇಳಿಕೊಟ್ಟಿರುತ್ತಾರೆ. ನನಗೆ ಬೇಸರ ಆಗಿದ್ದು ಮೇಲ್ವಿಚಾರಕರು ಕೊಟ್ಟ ಅಂಕದ ಬಗ್ಗೆ. ಪಾಠ ಯೋಜನೆ ಚೆನ್ನಾಗಿದೆಯಾ, ಕಪ್ಪುಹಲಗೆ ನೀಟಾಗಿದೆಯಾ, ದನಿ ಹಿಂದಿನ ಸಾಲಿಗೆ ಕೇಳುತ್ತಾ, ಇದೆಲ್ಲ ನೋಡುವ ಅಂಕಪಟ್ಟಿಯಲ್ಲಿ ‘ಮಗು ಪರೀಕ್ಷಿಸಿ ನೋಡಬಹುದಾದ ಪ್ರಶ್ನೆ ಕೇಳಿದಾಗ ಶಿಕ್ಷಕರು ಏನು ಮಾಡಿದರು’ ಅಂತ ಒಂದು ಸಾಲೂ ಇರುವುದಿಲ್ಲ. ಇರಬೇಕು.

ಗಾಳಿಯಲ್ಲಿ ಐದನೇ ಒಂದು ಭಾಗ ಆಕ್ಸಿಜನ್ ಇದೆ ಅಂತ ತೋರಿಸಲೇಬೇಕು ಅಂದರೆ ಕಬ್ಬಿಣದ ನಾರಿನ ಪ್ರಯೋಗ ಮಾಡಿ. ಎಣ್ಣೆ ತೆಗೆದು ಒದ್ದೆ ಮಾಡಿದ ಸ್ಟೀಲ್ ವೂಲ್ ಅನ್ನು ಪ್ರನಾಳದ ತಳಕ್ಕೆ ತುರುಕಿ, ಪ್ರನಾಳವನ್ನು ನೀರಿನಲ್ಲಿ ತಲೆಕೆಳಗಾಗಿ ನಿಲ್ಲಿಸಿ ಕೆಲವು ದಿನ ಬಿಡಿ. ಇಲ್ಲಿ ಬರುವ ತುಕ್ಕು ಘನವಸ್ತು, ಹೊಸ ಅನಿಲ ಬರುವುದಿಲ್ಲ. ಬಿಸಿಯ ಗೊಂದಲವೂ ಇಲ್ಲ. ನೀರು ಸುಮಾರು ಐದನೇ ಒಂದು ಭಾಗದವರೆಗೆ ಏರಿ ನಿಂತುಬಿಡುತ್ತದೆ. ಎರಡೂ ಪ್ರಯೋಗಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ಯಾವುದು ಆಕ್ಸಿಜನ್ ಅಳೆಯುತ್ತದೆ, ಯಾವುದು ಅಳೆಯುವುದಿಲ್ಲ ಅಂತ ಮಕ್ಕಳೇ ವಾದ ಮಾಡಲಿ. ಅದಕ್ಕೆ ಎರಡು ಪೀರಿಯಡ್ ಹೋದರೂ ಹೋಗಲಿ.

ಪ್ರಶ್ನೆ: ನಮ್ಮ ಪ್ರಾಯೋಗಿಕ ತರಗತಿಗಳಲ್ಲಿ ಟೈಟ್ರೇಶನ್ (ಒಂದು ದ್ರಾವಣವನ್ನು ಹನಿಹನಿಯಾಗಿ ಸೇರಿಸಿ ಇನ್ನೊಂದರ ಸಾರತೆ ಅಳೆಯುವುದು) ಮಾಡುವಾಗ ಮೂರೂ ರೀಡಿಂಗ್ ಒಂದೇ ಬರಬೇಕು ಅಂತ ಎಲ್ಲರೂ ರೆಕಾರ್ಡ್ ಪುಸ್ತಕದಲ್ಲಿ ಸರಿಮಾಡಿಕೊಂಡು ಬರೆಯುತ್ತಾರೆ. ಸೀನಿಯರ್‌ಗಳು ಉತ್ತರ ಮೊದಲೇ ಹೇಳಿಬಿಡುತ್ತಾರೆ. ಇದು ಸಣ್ಣ ವಿಷಯ ಅಂತ ಬಿಟ್ಟುಬಿಡಬಹುದಾ?
– ಹೆಸರು ಬೇಡ

ಉತ್ತರ: ಬಿಡಬೇಡಿ. ನನ್ನ ಪ್ರಕಾರ ವೈಜ್ಞಾನಿಕ ಸಾಕ್ಷರತೆ ಕೆಡುವುದು ಶುರುವಾಗುವುದೇ ಇಲ್ಲಿಂದ. ‘ಉತ್ತರ ಮೊದಲೇ ಗೊತ್ತಿದೆ, ಅಳತೆ ಅದಕ್ಕೆ ಹೊಂದಿಕೊಳ್ಳಬೇಕು’ ಅನ್ನುವ ಅಭ್ಯಾಸ ಕೈಗೆ ಹತ್ತಿದರೆ ಅದು ತರಗತಿಗೂ ಬರುತ್ತದೆ, ಮಕ್ಕಳಿಗೂ ದಾಟುತ್ತದೆ.

ಲಾರ್ಡ್ ರ‍್ಯಾಲೆ ಅವರ ಕಥೆ ನಿಮ್ಮ ಸಹಪಾಠಿಗಳಿಗೆ ಹೇಳಿ. 1890ರ ದಶಕದ ಮೊದಲ ವರ್ಷಗಳು. ಅವರು ನೈಟ್ರೋಜನ್ ಸಾಂದ್ರತೆ ಅಳೆಯುತ್ತಿದ್ದರು. ಗಾಳಿಯಿಂದ ಆಕ್ಸಿಜನ್ ಮತ್ತಿತರ ಅನಿಲ ತೆಗೆದು ಉಳಿಸಿಕೊಂಡ ನೈಟ್ರೋಜನ್ ಲೀಟರಿಗೆ 1.257 ಗ್ರಾಂ ತೂಗಿತು. ಅಮೋನಿಯಾದಂಥ ಸಂಯುಕ್ತಗಳಿಂದ ತಯಾರಿಸಿದ್ದು 1.251 ಗ್ರಾಂ ಹತ್ತಿರ ತೂಗಿತು. ವ್ಯತ್ಯಾಸ ಶೇಕಡ ಅರ್ಧದಷ್ಟು ಮಾತ್ರ. ನಮ್ಮ ರೆಕಾರ್ಡ್ ಪುಸ್ತಕದಲ್ಲಾಗಿದ್ದರೆ ಎರಡನ್ನೂ ಒಂದೇ ಮಾಡಿಬಿಡುತ್ತಿದ್ದರು. ರ‍್ಯಾಲೆ ಅಳತೆಗಳನ್ನು ಮತ್ತೆ ಮತ್ತೆ ಮಾಡಿದರು, ವ್ಯತ್ಯಾಸ ಹೋಗಲಿಲ್ಲ. ಆಗ ಅದನ್ನು ಮುಚ್ಚಿಡದೆ ಪತ್ರಿಕೆಯಲ್ಲಿ ಪ್ರಕಟಿಸಿ ‘ಯಾರಿಗಾದರೂ ಕಾರಣ ಹೊಳೆಯುತ್ತದೆಯೇ’ ಅಂತ ಕೇಳಿದರು. ವಿಲಿಯಂ ರ‍್ಯಾಮ್ಸೆ ಜೊತೆಯಾದರು. 1894ರಲ್ಲಿ ಇಬ್ಬರೂ ಸೇರಿ ಗಾಳಿಯಲ್ಲಿ ಯಾರೂ ಗಮನಿಸದ ಒಂದು ಅನಿಲ ಇದೆ ಅಂತ ತೋರಿಸಿದರು. ಅದೇ ಆರ್ಗಾನ್. ಗಾಳಿಯ ಸುಮಾರು ಶೇಕಡ 1ರಷ್ಟು. ಆವರ್ತ ಕೋಷ್ಟಕದಲ್ಲಿ ಒಂದು ಇಡೀ ಹೊಸ ಗುಂಪೇ ಅದರ ಹಿಂದೆ ಬಂತು. 1904ರಲ್ಲಿ ಒಬ್ಬರಿಗೆ ಭೌತಶಾಸ್ತ್ರದ, ಇನ್ನೊಬ್ಬರಿಗೆ ರಸಾಯನಶಾಸ್ತ್ರದ ನೊಬೆಲ್ ಸಿಕ್ಕಿತು.

ಟೈಟ್ರೇಶನ್‌ನಲ್ಲಿ ದ್ರಾವಣ ಹನಿಸುವ ಗಾಜಿನ ಕೊಳವೆ, ಅಂದರೆ ಬ್ಯುರೆಟ್ಟಿನ ಸಣ್ಣ ಗೆರೆಗಳ ನಡುವೆ ಇರುವುದು 0.1 ಮಿಲಿಲೀಟರ್. ಕಣ್ಣಿನ ಮಟ್ಟ, ಕೊನೆಯ ಹನಿ, ಬಣ್ಣ ಬದಲಾಗಿದೆ ಅಂತ ಒಬ್ಬೊಬ್ಬರಿಗೆ ಅನಿಸುವ ಕ್ಷಣ, ಇವೆಲ್ಲದರಿಂದ ರೀಡಿಂಗ್ ಸ್ವಲ್ಪ ಆಚೀಚೆ ಆಗಲೇಬೇಕು. ಮೂರೂ ಸಲ ಕೂದಲೆಳೆಯ ವ್ಯತ್ಯಾಸವೂ ಇಲ್ಲದ ರೀಡಿಂಗ್ ಬರೆದಿದ್ದಾರೆ ಅಂದರೆ ನನಗೆ ಮೊದಲು ಬರುವುದು ಅನುಮಾನವೇ. ನಿಮ್ಮ ಕಲಿಸುವವರನ್ನು ಹೀಗೆ ಕೇಳಿ ನೋಡಿ: ಒಬ್ಬೊಬ್ಬರಿಗೂ ಸ್ವಲ್ಪ ಬೇರೆ ಸಾರತೆಯ ದ್ರಾವಣ ಕೊಡಲಿ, ಆಗ ಸೀನಿಯರ್ ಹೇಳಿದ ಉತ್ತರ ಕೆಲಸಕ್ಕೆ ಬರುವುದಿಲ್ಲ. ಅಂಕ ಸರಿ ಉತ್ತರಕ್ಕಲ್ಲ, ರೀಡಿಂಗ್‌ಗಳು ಯಾಕೆ ಆಚೀಚೆ ಆದವು ಅಂತ ಬರೆದ ನಾಲ್ಕು ಸಾಲಿಗೆ ಸಿಗಲಿ. ಅಳತೆಯಲ್ಲಿ ಅನಿಶ್ಚಿತತೆ ಇರುತ್ತದೆ ಅಂತ ಕೈಯಾರೆ ನೋಡಿದವರು ಮಾತ್ರ ಮುಂದೆ ಪತ್ರಿಕೆಯಲ್ಲಿ ‘ಶೇಕಡ 2 ಹೆಚ್ಚಳ’ ಅಂತ ಓದಿದಾಗ ‘ಅಳತೆಯ ತಪ್ಪು ಎಷ್ಟಿತ್ತು?’ ಅಂತ ಕೇಳಬಲ್ಲರು.

ಪ್ರಶ್ನೆ: ಮೇಡಂ ಅಥವಾ ಸರ್, ಅಭ್ಯಾಸ ಪಾಠದ ಶಾಲೆಯಲ್ಲಿ ಮಕ್ಕಳು ವಾಟ್ಸಾಪ್‌ನಲ್ಲಿ ಬಂದ ವಿಷಯಗಳನ್ನು ತಂದು ಕೇಳುತ್ತಾರೆ. ‘ಕ್ಷಾರೀಯ ನೀರು ಕುಡಿದರೆ ರಕ್ತದ ಆಮ್ಲ ಕಡಿಮೆಯಾಗಿ ಕಾಯಿಲೆ ಬರಲ್ಲವಂತೆ, ನಿಜಾನಾ?’ ಅಂತ ಒಬ್ಬಳು ಕೇಳಿದಳು. ಇದು ಸಿಲಬಸ್‌ನಲ್ಲಿಲ್ಲ. ನಾನು ಡಾಕ್ಟರೂ ಅಲ್ಲ. ಏನು ಹೇಳಬೇಕು?
– ತರಬೇತಿ ವಿದ್ಯಾರ್ಥಿನಿ

ಉತ್ತರ: ಸಿಲಬಸ್‌ನಲ್ಲಿ ಆಮ್ಲ-ಕ್ಷಾರ ಅಳೆಯುವ ಪಿಎಚ್ ಇದೆ (7 ಅಂದರೆ ತಟಸ್ಥ, ಕಡಿಮೆಯಾದರೆ ಆಮ್ಲ, ಹೆಚ್ಚಾದರೆ ಕ್ಷಾರ), ತಟಸ್ಥೀಕರಣ ಇದೆ, ಪಿಎಚ್ ಏರುಪೇರಾಗದಂತೆ ತಡೆಯುವ ಬಫರ್ ಇದೆ. ಇನ್ನೇನು ಬೇಕು? ಈ ಪ್ರಶ್ನೆ ನಿಮ್ಮ ಪಾಠವೇ, ಬೇರೆ ಬಾಗಿಲಿನಿಂದ ಒಳಗೆ ಬಂದಿದೆ.

ಮಕ್ಕಳ ಜೊತೆ ಲೆಕ್ಕ ಮಾಡಿ. ಪಿಎಚ್ 9 ಇರುವ ಒಂದು ಲೀಟರ್ ನೀರಿನಲ್ಲಿ ಹೈಡ್ರಾಕ್ಸೈಡ್ ಅಯಾನು ಒಂದು ಲಕ್ಷದಲ್ಲಿ ಒಂದು ಭಾಗ ಮೋಲ್. ಹೊಟ್ಟೆಯ ಆಮ್ಲದ ಪಿಎಚ್ ಸಾಮಾನ್ಯವಾಗಿ 1.5ರಿಂದ 3.5. ಅದನ್ನು 2 ಅಂತ ಇಟ್ಟುಕೊಂಡರೆ ಲೀಟರಿಗೆ ನೂರರಲ್ಲಿ ಒಂದು ಭಾಗ ಮೋಲ್ ಹೈಡ್ರೋಜನ್ ಅಯಾನು. ಹಾಗಾದರೆ ಆ ಒಂದು ಲೀಟರಿನ ಹೈಡ್ರಾಕ್ಸೈಡ್ ಎಲ್ಲವನ್ನೂ ಮುಗಿಸಲು ಹೊಟ್ಟೆಯ ಆಮ್ಲ ಎಷ್ಟು ಬೇಕು? ಒಂದೇ ಒಂದು ಮಿಲಿಲೀಟರ್. ಕರಗಿದ ಬೈಕಾರ್ಬೊನೇಟ್ ಇರುವ ನೀರಾದರೆ ಇನ್ನಷ್ಟು ಆಮ್ಲ ಬೇಕಾಗುತ್ತದೆ, ಅದನ್ನೂ ಮುಚ್ಚಿಡದೆ ಹೇಳಿ. ಆದರೂ ರಕ್ತದ ಕಥೆ ಬದಲಾಗುವುದಿಲ್ಲ. ಆರೋಗ್ಯವಂತರ ರಕ್ತದ ಪಿಎಚ್ 7.35ರಿಂದ 7.45ರ ನಡುವೆಯೇ ಇರುತ್ತದೆ. ಬೈಕಾರ್ಬೊನೇಟ್ ಬಫರ್, ಉಸಿರಿನಲ್ಲಿ ಹೊರಗೆ ಹೋಗುವ ಕಾರ್ಬನ್ ಡೈಆಕ್ಸೈಡ್, ಮೂತ್ರಪಿಂಡ, ಇವು ಮೂರೂ ಸೇರಿ ಅದನ್ನು ಕಾಯುತ್ತವೆ.

ಇಲ್ಲಿಗೆ ನಿಮ್ಮ ವಿಷಯದ ಗಡಿ. ಯಾರಿಗೆ ಯಾವ ಕಾಯಿಲೆಗೆ ಏನು ಒಳ್ಳೆಯದು ಅನ್ನುವುದು ವೈದ್ಯರ ಕೆಲಸ, ಹಾಗಂತಲೇ ಹೇಳಿ. ಆದರೆ ‘ಕೆಲವರು ಹಾಗನ್ನುತ್ತಾರೆ, ಕೆಲವರು ಹೀಗನ್ನುತ್ತಾರೆ’ ಅಂತ ಅಡ್ಡಗೋಡೆಯ ಮೇಲೆ ದೀಪ ಇಟ್ಟಂಥ ಉತ್ತರ ಕೊಡಬೇಡಿ. ‘ನೀರು ಕುಡಿದು ರಕ್ತದ ಪಿಎಚ್ ಬದಲಾಯಿಸಬಹುದು’ ಅನ್ನುವುದು ತಪ್ಪು. ಅದನ್ನು ತಪ್ಪು ಅಂತ ಹೇಳುವಷ್ಟು ರಸಾಯನಶಾಸ್ತ್ರ ನಿಮಗೆ ಬರುತ್ತದೆ. ಆಮೇಲೆ ಮಕ್ಕಳ ಕೈಗೇ ಪ್ರಶ್ನೆಗಳನ್ನು ಕೊಡಿ: ಇದನ್ನು ಹೇಳಿದವರು ಯಾರು, ಅವರು ಅದನ್ನು ಮಾರುತ್ತಿದ್ದಾರಾ? ಎಷ್ಟು ಜನರ ಮೇಲೆ ನೋಡಿದರು? ಕ್ಷಾರೀಯ ನೀರು ಕುಡಿಯದವರ ಜೊತೆ ಹೋಲಿಸಿದರಾ? ಬೇರೆ ಯಾರಾದರೂ ಮತ್ತೆ ಮಾಡಿ ನೋಡಿದರಾ?

‘ಕೆಮಿಕಲ್ ಇಲ್ಲದ್ದು’ ಅನ್ನುವ ಜಾಹೀರಾತಿಗೂ ಇದೇ ದಾರಿ. 1997ರಲ್ಲಿ ಅಮೆರಿಕದ 14 ವರ್ಷದ ಶಾಲಾ ಹುಡುಗನೊಬ್ಬ ‘ಡೈಹೈಡ್ರೋಜನ್ ಮೊನಾಕ್ಸೈಡ್’ ಅನ್ನುವ ರಾಸಾಯನಿಕದ ಅಪಾಯಗಳನ್ನೆಲ್ಲ ಪಟ್ಟಿ ಮಾಡಿ 50 ಸಹಪಾಠಿಗಳ ಮುಂದಿಟ್ಟ. ಆಮ್ಲ ಮಳೆಯಲ್ಲಿ ಇರುತ್ತದೆ, ಉಸಿರಿನೊಳಗೆ ಹೋದರೆ ಸಾಯಬಹುದು, ಕಬ್ಬಿಣ ತುಕ್ಕು ಹಿಡಿಸುತ್ತದೆ, ಎಲ್ಲವೂ ನಿಜವಾದ ಮಾತೇ. 43 ಮಂದಿ ಅದನ್ನು ನಿಷೇಧಿಸಬೇಕು ಅಂದರು. ಅದು ನೀರು. ಈ ಚಟುವಟಿಕೆಯನ್ನು ಶಾಲೆಗೆ ಒಯ್ಯುವ ಮೊದಲು ನಿಮ್ಮ ತರಬೇತಿ ತರಗತಿಯಲ್ಲೇ ಒಮ್ಮೆ ಮಾಡಿ. ಸೂತ್ರ ಗೊತ್ತಿರುವವರೂ ಹೆಸರಿಗೆ ಹೆದರುತ್ತಾರಾ ಅಂತ ಗೊತ್ತಾಗುತ್ತದೆ.

ಪ್ರಶ್ನೆ: ‘ಬಂಧ ಮುರಿದಾಗ ಶಕ್ತಿ ಬಿಡುಗಡೆಯಾಗುತ್ತದೆ’ ಅಂತ ಜೀವಶಾಸ್ತ್ರದವರು ಎಟಿಪಿ (ಜೀವಕೋಶಕ್ಕೆ ಶಕ್ತಿ ಒದಗಿಸುವ ಅಣು) ಪಾಠದಲ್ಲಿ ಹೇಳುತ್ತಾರೆ. ನಮ್ಮ ಗುಂಪಿನಲ್ಲಿ ಅರ್ಧ ಜನ ಅದನ್ನೇ ಒಪ್ಪುತ್ತಾರೆ. ಸರಿಯಾ?

ಉತ್ತರ: ತಪ್ಪು. ಬಂಧ ಮುರಿಯಲು ಯಾವಾಗಲೂ ಶಕ್ತಿ ಬೇಕು, ಬಂಧ ಕೂಡುವಾಗ ಶಕ್ತಿ ಹೊರಬರುತ್ತದೆ. ಹೈಡ್ರೋಜನ್ ಉರಿಯುವುದನ್ನು ತೆಗೆದುಕೊಳ್ಳಿ. ಎರಡು ಮೋಲ್ ಹೈಡ್ರೋಜನ್ ಬಂಧ ಮುರಿಯಲು 436ರ ಎರಡರಷ್ಟು, ಒಂದು ಮೋಲ್ ಆಕ್ಸಿಜನ್ ಬಂಧ ಮುರಿಯಲು 498, ಒಟ್ಟು 1370 ಕಿಲೋಜೌಲ್ ನಾವು ಕೊಡಬೇಕು. ನಾಲ್ಕು ಮೋಲ್ ಆಕ್ಸಿಜನ್-ಹೈಡ್ರೋಜನ್ ಬಂಧ ಕೂಡಿದಾಗ 463ರ ನಾಲ್ಕರಷ್ಟು, 1852 ಕಿಲೋಜೌಲ್ ವಾಪಸ್ ಬರುತ್ತದೆ. ಮಿಕ್ಕ 482 ನಮಗೆ ಸಿಗುವ ಬಿಸಿ. ಎಟಿಪಿಯಲ್ಲೂ ಹಾಗೇ. ನೀರಿನ ಜೊತೆ ಸೇರಿ ಬರುವ ಉತ್ಪನ್ನಗಳು ಹೆಚ್ಚು ಸ್ಥಿರ, ಶಕ್ತಿ ಬರುವುದು ಇಡೀ ಕ್ರಿಯೆಯಿಂದ. ಜೀವಶಾಸ್ತ್ರದ ಗೆಳೆಯರ ಜೊತೆ ಕೂತು ಈ ಲೆಕ್ಕ ಒಟ್ಟಿಗೆ ಮಾಡಿ. ಒಂದೇ ಮಗುವಿಗೆ ಎರಡು ಪೀರಿಯಡ್‌ನಲ್ಲಿ ಎರಡು ಮಾತು ಹೇಳುವುದು ನಿಲ್ಲಲಿ.

ಪ್ರಶ್ನೆ: ನಾನು ತರಬೇತಿ ಕಾಲೇಜಿನಲ್ಲಿ ಕಲಿಸುತ್ತೇನೆ. ‘ವಿಜ್ಞಾನದ ಸ್ವರೂಪ’ದ ಪಾಠದಲ್ಲಿ ವೈಜ್ಞಾನಿಕ ಜ್ಞಾನ ಬದಲಾಗುತ್ತಾ ಇರುತ್ತದೆ ಅಂದರೆ ವಿದ್ಯಾರ್ಥಿಗಳು ‘ಹಾಗಾದರೆ ಯಾವುದನ್ನೂ ನಂಬಬೇಕಾಗಿಲ್ಲ’ ಅನ್ನುತ್ತಾರೆ. ಬದಲಾಗುವುದಿಲ್ಲ ಅಂದರೆ ಅದು ಸುಳ್ಳಾಗುತ್ತದೆ. ಹೇಗೆ ಕಲಿಸಲಿ?
– ಉಪನ್ಯಾಸಕರು

ಉತ್ತರ: ಬದಲಾಗುತ್ತದೆ ಅಂತ ಹೇಳಿ ನಿಲ್ಲಿಸಬೇಡಿ. ಯಾವಾಗ, ಯಾಕೆ ಬದಲಾಯಿತು ಅಂತ ತೋರಿಸಿ. ವಿದ್ಯಾರ್ಥಿಗಳಿಗೆ ಗೊತ್ತಿರುವ ಕಥೆಯಿಂದಲೇ ಶುರುಮಾಡಬಹುದು. ಜಡ ಅನಿಲಗಳು ಯಾವುದರ ಜೊತೆಗೂ ಸೇರುವುದಿಲ್ಲ ಅಂತ ಪುಸ್ತಕಗಳಲ್ಲಿತ್ತು. ನೀಲ್ ಬಾರ್ಟ್‌ಲೆಟ್ ಪ್ಲಾಟಿನಂ ಹೆಕ್ಸಾಫ್ಲೋರೈಡ್ ಆಕ್ಸಿಜನ್ ಅಣುವಿನಿಂದಲೇ ಎಲೆಕ್ಟ್ರಾನ್ ಕಿತ್ತುಕೊಳ್ಳುವುದನ್ನು ಕಂಡರು. ಆಕ್ಸಿಜನ್ ಅಣುವಿನ ಮತ್ತು ಜಡ ಅನಿಲವಾದ ಜೆನಾನ್‌ನ ಅಯಾನೀಕರಣ ಶಕ್ತಿ (ಒಂದು ಎಲೆಕ್ಟ್ರಾನ್ ಕೀಳಲು ಬೇಕಾದ ಶಕ್ತಿ) ಹೆಚ್ಚುಕಡಿಮೆ ಒಂದೇ ಅಂತ ಗಮನಿಸಿದರು. ಹಾಗಾದರೆ ಜೆನಾನ್ ಯಾಕಾಗಬಾರದು ಅಂತ 1962ರಲ್ಲಿ ಮಾಡಿಯೇ ನೋಡಿದರು, ಸಂಯುಕ್ತ ಸಿಕ್ಕಿತು. ಗಮನಿಸಿ, ಹಳೆಯ ಮಾತನ್ನು ಬದಲಿಸಿದ್ದು ಯಾರದೋ ಅಭಿಪ್ರಾಯ ಅಲ್ಲ. ಅಳೆದ ಅಂಕಿ, ಅದರಿಂದ ಬಂದ ಊಹೆ, ಆಮೇಲೆ ಬೇರೆಯವರೂ ಮಾಡಿ ನೋಡಬಹುದಾದ ಪ್ರಯೋಗ. ಜೊತೆಗೆ ಪರಮಾಣು ಸಿದ್ಧಾಂತವೋ ಆವರ್ತ ಕೋಷ್ಟಕವೋ ಇದರಿಂದ ಕುಸಿಯಲಿಲ್ಲ. ಎಲ್ಲ ಜ್ಞಾನವೂ ಒಂದೇ ಅಳತೆಯಲ್ಲಿ ಅಲುಗಾಡುವುದಿಲ್ಲ. ಈ ವ್ಯತ್ಯಾಸ ತಿಳಿಯದೆ ‘ಬದಲಾಗುತ್ತದೆ’ ಅಂತಷ್ಟೇ ಬಾಯಿಪಾಠ ಮಾಡಿದವರು ನಾಳೆ ಲಸಿಕೆಯ ಬಗ್ಗೆಯೂ ಅದೇ ಮಾತು ಹೇಳುತ್ತಾರೆ. ನನಗೆ ನಿಜವಾಗಿ ಆತಂಕ ಇರುವುದು ಅಲ್ಲಿ.

‘ಊಹೆ ಬೆಳೆದು ಸಿದ್ಧಾಂತ, ಸಿದ್ಧಾಂತ ಸಾಬೀತಾಗಿ ನಿಯಮ’ ಅನ್ನುವ ಮೆಟ್ಟಿಲಿನ ಚಿತ್ರವನ್ನೂ ದಯವಿಟ್ಟು ತೆಗೆದುಹಾಕಿ. ಅನಿಲದ ಒತ್ತಡ ಹೆಚ್ಚಿದಂತೆ ಗಾತ್ರ ಕಡಿಮೆಯಾಗುತ್ತದೆ ಅನ್ನುವ ಬಾಯ್ಲ್ ನಿಯಮ 1662ರದು. ಅದು ಯಾಕೆ ಹಾಗೆ ಅಂತ ವಿವರಿಸುವ ಅನಿಲಗಳ ಚಲನ ಸಿದ್ಧಾಂತ ಗಟ್ಟಿಯಾಗಿದ್ದು 19ನೇ ಶತಮಾನದಲ್ಲಿ. ನಿಯಮ ಏನಾಗುತ್ತದೆ ಅಂತ ಹೇಳುತ್ತದೆ, ಸಿದ್ಧಾಂತ ಯಾಕೆ ಅಂತ ಹೇಳುತ್ತದೆ. ಒಂದು ಇನ್ನೊಂದಾಗಿ ಬಡ್ತಿ ಪಡೆಯುವುದಿಲ್ಲ.

ಪ್ರಶ್ನೆ: ಇರುವ ಸಮಯವೇ ಸಾಲದು. ತರಬೇತಿಯಲ್ಲಿ ಒಂದೇ ಒಂದು ಬದಲಾವಣೆ ಮಾಡಬಹುದು ಅಂದರೆ ಯಾವುದು ಮಾಡಲಿ?
– ಇನ್ನೊಬ್ಬ ಉಪನ್ಯಾಸಕರು

ಉತ್ತರ: ಹೊಸ ಪತ್ರಿಕೆ, ಹೊಸ ಘಟಕ ಬೇಡ. ಈಗ ನಡೆಯುವ ಪ್ರತಿ ಅಭ್ಯಾಸ ಪಾಠದ ಆರಂಭದಲ್ಲಿ ‘ಏನಾಗಬಹುದು, ಯಾಕೆ’ ಅಂತ ಬರೆಸಿ, ಆಮೇಲೆ ಪ್ರಯೋಗ ತೋರಿಸಿ, ಆಮೇಲೆ ಬರೆದದ್ದಕ್ಕೂ ಕಂಡದ್ದಕ್ಕೂ ಹೊಂದಿಕೆ ಇದೆಯಾ ಅಂತ ಚರ್ಚಿಸಿ. ಊಹಿಸು, ಗಮನಿಸು, ವಿವರಿಸು ಅನ್ನುವ ಈ ವಿಧಾನ ವಿಜ್ಞಾನ ಶಿಕ್ಷಣದಲ್ಲಿ ಚೆನ್ನಾಗಿ ಬಳಕೆಯಲ್ಲಿದೆ. ಉಪಕರಣ ಹೆಚ್ಚು ಬೇಕಿಲ್ಲ. ವಿವರಿಸುವಾಗ ರಸಾಯನಶಾಸ್ತ್ರ ಕಲಿಕೆಯ ಸಂಶೋಧಕ ಅಲೆಕ್ಸ್ ಜಾನ್‌ಸ್ಟನ್ ಹೇಳಿದ ಮೂರು ನೆಲೆಗಳನ್ನು ಹಿಡಿದುಕೊಳ್ಳಿ: ಕಣ್ಣಿಗೆ ಕಂಡದ್ದು, ಅಣುಗಳ ಮಟ್ಟದಲ್ಲಿ ನಡೆದದ್ದು, ಹಲಗೆಯ ಮೇಲೆ ಬರೆಯುವ ಚಿಹ್ನೆ. ತರಬೇತಿಯವರು ನೇರವಾಗಿ ಮೂರನೆಯದಕ್ಕೆ ಹಾರುತ್ತಾರೆ. ಉಪ್ಪು ಕರಗಿದ್ದನ್ನು ತೋರಿಸಿ ಸಮೀಕರಣ ಬರೆದುಬಿಡುತ್ತಾರೆ, ನಡುವಿನ ಅಯಾನುಗಳು ಮತ್ತು ಅವುಗಳನ್ನು ಸುತ್ತುವರಿದ ನೀರಿನ ಅಣುಗಳ ಚಿತ್ರ ಯಾರೂ ಬಿಡಿಸುವುದಿಲ್ಲ. ಅವರಿಂದಲೇ ಆ ಚಿತ್ರ ಬರೆಸಿ. ಯಾರಿಗೆ ಎಲ್ಲಿ ಎಡವಟ್ಟಾಗಿದೆ ಅಂತ ಹತ್ತು ನಿಮಿಷದಲ್ಲಿ ಕಾಣುತ್ತದೆ.

ಪ್ರಶ್ನೆ: ಮಕ್ಕಳಿಗೆ ಆಸಕ್ತಿ ಹುಟ್ಟಿಸಲು ಮೆಥನಾಲ್ ಸುರಿದು ಬಣ್ಣಬಣ್ಣದ ಜ್ವಾಲೆ ತೋರಿಸುವ ಪ್ರದರ್ಶನ ಮಾಡಬೇಕು ಅಂತಿದ್ದೇನೆ. ವಿಡಿಯೊದಲ್ಲಿ ನೋಡಿದ್ದೇನೆ, ಸುಲಭ ಅನಿಸಿತು.
– ತರಬೇತಿ ವಿದ್ಯಾರ್ಥಿ

ಉತ್ತರ: ಮಾಡಬೇಡಿ. ಮೆಥನಾಲ್ ಆವಿ ಸುಮಾರು 11 ಡಿಗ್ರಿಯಲ್ಲೇ ಬೆಂಕಿ ಹಿಡಿಯುವಷ್ಟು ಏಳುತ್ತದೆ. ಬಾಟಲಿಯಿಂದ ಇನ್ನೊಮ್ಮೆ ಸುರಿಯಲು ಹೋದಾಗ ಜ್ವಾಲೆ ಬಾಟಲಿಗೇ ಹಾರಿ, ಮುಂದೆ ಕೂತ ಮಕ್ಕಳ ಮೇಲೆ ಬೆಂಕಿ ಚಿಮ್ಮಿದ ಅಪಘಾತಗಳು ಆಗಿವೆ. ತೆರೆದ ಮೇಜಿನ ಮೇಲೆ ಮೆಥನಾಲ್ ಸುರಿದು ಮಾಡುವ ಈ ಪ್ರದರ್ಶನ ನಿಲ್ಲಿಸಿ ಅಂತ ಅಮೆರಿಕನ್ ಕೆಮಿಕಲ್ ಸೊಸೈಟಿ 2014ರಲ್ಲೇ ಹೇಳಿದೆ. ವಿಡಿಯೊದಲ್ಲಿ ಒಬ್ಬರಿಗೆ ಏನೂ ಆಗಲಿಲ್ಲ ಅನ್ನುವುದು ಸುರಕ್ಷತೆಗೆ ಪುರಾವೆ ಅಲ್ಲ. ಬಣ್ಣಗಳೇ ಬೇಕಿದ್ದರೆ ಮರದ ಕಡ್ಡಿಗಳನ್ನು ಲೋಹದ ಲವಣಗಳ ನೀರಿನ ದ್ರಾವಣದಲ್ಲಿ ರಾತ್ರಿಯಿಡೀ ನೆನೆಸಿ. ಮರುದಿನ ಬುನ್ಸೆನ್ ಜ್ವಾಲೆಗೆ ಒಂದೊಂದಾಗಿ ಹಿಡಿಯಿರಿ: ಸೋಡಿಯಂ ಹಳದಿ, ಸ್ಟ್ರಾನ್ಷಿಯಂ ಕೆಂಪು, ತಾಮ್ರ ನೀಲಿಹಸಿರು. ಕನ್ನಡಕ ನೀವೂ ಹಾಕಿ, ಮಕ್ಕಳಿಗೂ ಹಾಕಿಸಿ, ಪಕ್ಕದಲ್ಲಿ ಒಂದು ಬೀಕರ್ ನೀರು ಇರಲಿ, ಉರಿದ ಕಡ್ಡಿ ಅದರೊಳಗೆ ಹಾಕಲು.